ಜ್ವಾಳದ ನಾಡಿನ್ಯಾಗ ಜ್ವಾಳಾನೇ ತುಟ್ಟಿ

ಹೋದ ಐತವಾರ ಅವ್ವನ್ನ ಕರ್ಕೊಂಡು ನಮ್ಮ ವಿಜಯಪುರದ ಎಲ್‌ಬಿಎಸ್ ಮಾರ್ಕೆಟಿಗೆ ಹೋಗಿದ್ದೆ, ಜ್ವಾಳ ತರಾಕ. ಕಾಯಿಪಲ್ಲೆ ಆದ್ರ ನಾ ಒಬ್ನೇ ತರ್ತೀನಿ, ಜ್ವಾಳ ಅಂದ್ರ ಮಾತ್ರ ಅವ್ವ ಬರಾಕಬೇಕು, ನಾ ತಂದಿದ್ದು ಒಮ್ಮಿನೂ ಅಕಿಗೆ ಪಾಸ್ ಆಗಿಲ್ಲ. ಅಕಿ ಚೀಲದೊಳಗ ಮೊಣಕೈ ತನಕ ಕೈ ಹಾಕಿ ತಳದಾಗಿನ ಕಾಳು ತಗೀತಾಳ, ಮ್ಯಾಲ ಯಾವಾಗ್ಲೂ ಚಲೋದೇ ಇಟ್ಟಿರ್ತಾರ ಅಂತ. ಅಂಗೈಯಾಗ ಹರವಿ, ಊದಿ, ಎರಡು ಕಾಳು ಹಲ್ಲಾಗ ಇಟ್ಟು ಕಟಕ್ ಅನಸಿ, ಆಮ್ಯಾಲೆ ಅಂಗಡಿಯವನ ಮಾರಿ ನೋಡ್ತಾಳ. "ಇದರಾಗ ಹೈಬ್ರಿಡ್ ಕೂಡಿಸೀರಿ." ಅಂವ ಇಲ್ಲರೀ ಅವ್ವ, ಪಕ್ಕಾ ಮಾಲ್ದಂಡಿ (ಹಿಂಗಾರಿಯ ಜವಾರಿ ತಳಿ) ಅದ ಅಂತಾನ. ಅಕಿ ಮುಂದಿನ ಅಂಗಡಿಗೆ ನಡೀತಾಳ, ನಾ ಚೀಲ ಹಿಡ್ಕೊಂಡು ಹಿಂದ.

ನಾಕನೇ ಅಂಗಡ್ಯಾಗ ಒಂದು ಪಾಸ್ ಆತು. ದುಂಡನ್ನ ಬಿಳಿ ಕಾಳು, ಮುತ್ತಿನಂಗ ಹೊಳ್ಯಾಕತ್ತಿತ್ತು, ಮಹಾರಾಷ್ಟ್ರದ ಮಂಗಳವೇಢಾ ಕಡಿಂದ ಬಂದದ್ದು ಅಂದ. ಕಿಲೋಕ್ಕ 52. ಅವ್ವ ಒಂದು ನಿಮಿಷ ಸುಮ್ನಿದ್ದು "ಐವತ್ತು ಕಿಲೋ ಸಾಕು ತಗೋ" ಅಂದ್ಲು. 2023ರಾಗ ನಾ 70 ಕೊಟ್ಟೂ ತಂದೀನಿ, ಆ ಲೆಕ್ಕಕ್ಕ ಇದು ಇಳದಂಗ. ಆದ್ರ ಆ ಐವತ್ತು ಕಿಲೋದ ಚೀಲ ಗಾಡಿ ಮ್ಯಾಲ ಇಡುವಾಗ ನನಗೇನೋ ನಾಚಿಕಿ ಆದಂಗಾತು, ಯಾಕಂದ್ರ ನಮ್ಮ ಹಳ್ಳಿ ಮನಿ ಅಂಗಳದಾಗ ಹಗೇವು ಇತ್ತರೀ, ಆಳು ಇಳಿಯೋವಷ್ಟು ಆಳ, ಅದರ ತುಂಬ ಜ್ವಾಳ ಸುರುವಿ ಮ್ಯಾಲ ಹೊಟ್ಟು ಹಾಕಿ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಬಿಟ್ರ ಎರಡು ವರ್ಷ ಬರ ಬಿದ್ರೂ ಮನಿ ನಡೀತಿತ್ತು. ಅಂಥಾ ಮನಿಯವ್ರು ನಾವು ಇವತ್ತು ಮಹಾರಾಷ್ಟ್ರದ ಜ್ವಾಳ ಕಿಲೋ ಲೆಕ್ಕದಾಗ ತರಾಕತ್ತೀವಿ. ಡೋಣಿ ಬೆಳದ್ರ ಓಣೆಲ್ಲ ಜ್ವಾಳ ಅಂತಿದ್ರು ನಮ್ಮ ಕಡಿ, ಡೋಣಿ ಅಂದ್ರ ನಮ್ಮ ಹೊಳಿ. ಡೋಣಿ ಈಗೂ ಹರೀತದ, ಓಣ್ಯಾಗ ಜ್ವಾಳ ಇಲ್ಲ.

ಮಂದಿ ಸೀದಾ ರೇಷನ್ ಅಕ್ಕಿ ಮ್ಯಾಲ ಹಾಕ್ತಾರ. ಪುಗಸಟ್ಟೆ ಅಕ್ಕಿ ಬಂತು, ರೊಟ್ಟಿ ಬಿಟ್ರು, ಜ್ವಾಳ ಬಿತ್ತೂದು ಬಿಟ್ರು ಅಂತ. ಸ್ವಲ್ಪ ಖರೆ ಅದ. 2013ರಾಗ ಅನ್ನಭಾಗ್ಯ ಸುರು ಆದಾಗ ಕಿಲೋಕ್ಕ ಒಂದು ರೂಪಾಯಿ ಇತ್ತು, ಈಗ ಅದೂ ಇಲ್ಲ, 2025ರ ಫೆಬ್ರವರಿಂದ ತಲಿಗೆ 10 ಕಿಲೋ ಮಾಡಿದ್ರು. ಐದು ಮಂದಿ ಇದ್ದ ಮನಿಗೆ ತಿಂಗಳಿಗೆ ಅರ್ಧ ಕ್ವಿಂಟಾಲ್ ಅಕ್ಕಿ ಬಂದು ಬಿದ್ದಾಗ 52 ರೂಪಾಯಿ ಕೊಟ್ಟು ಜ್ವಾಳ ಯಾರು ತರ್ತಾರ ಹೇಳ್ರಿ. ಆದ್ರ ಅಕ್ಕಿ ಬಂದಿದ್ದಕ್ಕ ಬೈಯೂದು ನನಗ ಸರಿ ಅನಸಂಗಿಲ್ಲ, ಗೋವಾಕ್ಕ ಗುಳೆ ಹೋಗಿ ಬರೋ ಮನಿಗಳಿಗೆ ಅದು ಎಷ್ಟು ದೊಡ್ಡ ಆಸರ ಅಂತ ಹೊಟ್ಟಿ ತುಂಬಿದವ್ರಿಗೆ ಗೊತ್ತಾಗಂಗಿಲ್ಲ. ನನ್ನ ತಕರಾರು ಬ್ಯಾರೆ. ಕೇಂದ್ರದ ಆಹಾರ ಭದ್ರತಾ ಕಾಯ್ದೆ ಬಂದಿದ್ದೂ 2013ರಾಗನ, ಅದರಾಗ ಅಕ್ಕಿ 3 ರೂಪಾಯಿ, ಗೋದಿ 2 ರೂಪಾಯಿ, ಒರಟು ಧಾನ್ಯ 1 ರೂಪಾಯಿ ಅಂತ ಬರದಿದ್ರು. ಆ ಒರಟು ಧಾನ್ಯ ಅಂದ್ರ ನಮ್ಮ ಜ್ವಾಳಾನೇ. ಕಾಗದದ ಮ್ಯಾಲ ಜ್ವಾಳ ಕೊಡಾಕ ಜಾಗಾ ಇತ್ತು, ಚೀಲದಾಗ ಹೆಚ್ಚಾಗಿ ಬಂದಿದ್ದು ಅಕ್ಕಿ. 2025ರ ಅಕ್ಟೋಬರ್‌ನ್ಯಾಗ ಕ್ಯಾಬಿನೆಟ್‌ನವ್ರು ಆ ಹೆಚ್ಚಿನ 5 ಕಿಲೋ ಅಕ್ಕಿ ಬದ್ಲಿ ಕಿಟ್ ಕೊಡ್ತೀವಿ ಅಂದ್ರು, ತೊಗರಿಬ್ಯಾಳಿ, ಎಣ್ಣಿ, ಸಕ್ರಿ, ಉಪ್ಪು. ಚಲೋ ಆತು. ಜ್ವಾಳ ಅದರಾಗೂ ಇಲ್ಲ.

ಆದ್ರ ಹೊಲದಾಗ ಏನಾತು ಅನ್ನೂದು ನನಗ ಇದಕ್ಕಿಂತ ದೊಡ್ಡದು ಅನಸ್ತದ. ನಮ್ಮದು ಎರಿ ಭೂಮಿ, ಹಿಂಗಾರಿ ಜ್ವಾಳದ ಪದ್ಧತಿ ಏನಂದ್ರ ಮುಂಗಾರ್ಯಾಗ ಹೊಲ ಖಾಲಿ ಬಿಟ್ಟು, ಹರಗಿ ಹರಗಿ ಮಳಿ ನೀರು ಹೊಟ್ಟ್ಯಾಗ ಇಟ್ಟುಕೊಂಡು, ಸೆಪ್ಟೆಂಬರ್ ಅಕ್ಟೋಬರ್‌ಗೆ ಬಿತ್ತೂದು, ಆಮ್ಯಾಲೆ ಮಳಿ ಬರ್ಲಿ ಬಿಡ್ಲಿ ತೇವ ಮತ್ತ ಥಂಡಿ ಮ್ಯಾಲ ಬೆಳೀತದ. ತೊಗರಿ ಹಂಗಲ್ಲ. ಜೂನ್ ಜುಲೈದಾಗ ಹೊಲದಾಗ ಕೂತ್ರ ಡಿಸೆಂಬರ್ ಜನವರಿ ತನಕ ಏಳಂಗಿಲ್ಲ. ಅಂದ್ರ ತೊಗರಿ ಹಾಕಿದ ಹೊಲದಾಗ ಆ ವರ್ಷ ಜ್ವಾಳ ಬರಾಕ ಜಾಗಾನೇ ಇಲ್ಲ. ತೊಗರಿಗೆ ರೇಟು ಬಂದಾಗೆಲ್ಲ ಜ್ವಾಳ ಹಿಂದಕ್ಕ ಸರೀತು. ನೀರು ಬಂದ ಕಡಿ, ಮುಳವಾಡ ಏತ ನೀರಾವರಿ ಕಾಲುವಿ ಹಾದ ಕಡಿ, ಕಬ್ಬು ದ್ರಾಕ್ಷಿ ಬಂದ್ವು, ಅಲ್ಲಂತೂ ಜ್ವಾಳದ ಹೆಸರೇ ತಗೀಬ್ಯಾಡ್ರಿ.

ಹಂಗಂತ ತೊಗರಿ ಹಾಕಿದವ್ರು ಉದ್ಧಾರ ಆದ್ರಾ ಅಂದ್ರ, ನಮ್ಮ ತಮ್ಮನ್ನ ಕೇಳ್ರಿ. 2024ರ ಸುರುವಿಗೆ ತೊಗರಿ ಕ್ವಿಂಟಾಲಿಗೆ ಹತ್ತು ಸಾವಿರ ದಾಟಿತ್ತು, ಅದನ್ನ ನೋಡಿ ಮುಂದಿನ ಮುಂಗಾರಿಗೆ ಅಂವ ಇದ್ದ ನಾಕೂ ಎಕರೆ ತೊಗರಿ ಬಿತ್ತಿದ, ರಾಶಿ ಮಾಡುವಾಗ ಏಳು ಸಾವಿರಕ್ಕ ಬಂದಿತ್ತು. ಬೆಂಬಲ ಬೆಲಿ 7,550 ಇತ್ತು, ರಾಜ್ಯದವ್ರು 450 ಸೇರಿಸಿ ಎಂಟು ಸಾವಿರ ಮಾಡಿದ್ರು, ಖರೀದಿ ಕೇಂದ್ರಕ್ಕ ಒಯ್ದ್ರ ತೇವ ಅದ ಒಣಗಿಸ್ಕೊಂಡು ಬಾ ಅಂತ ಎರಡು ಸಲ ತಿರುಗಿ ಕಳಸಿದ್ರು, ಟ್ರ್ಯಾಕ್ಟರ್ ಬಾಡಿಗಿ ಎರಡು ಸಲ ಕೊಟ್ಟು ಮೂರನೇ ಸಲಕ್ಕ ಅಂವ ಅಡತಿ ಅಂಗಡಿಗೇ (ದಲಾಲಿಗೆ) ಹಾಕಿ ಬಂದ. 2021ರಿಂದ ತೊಗರಿ ಸುಂಕ ಇಲ್ಲದಂಗ ಹೊರಗಿಂದ ಬರಾಕತ್ತದ, ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್ ಕಡಿಂದ, ವರ್ಷಾ ಮುದತಿ ಮುಂದೂಡ್ಕೋತ ಬಂದಾರ. ಬ್ಯಾಳಿ ಕೊಳ್ಳೋನಾಗಿ ನನಗ ಅದರಿಂದ ಫಾಯ್ದೆ, ತೊಗರಿ ಮಾರೋನ ಅಣ್ಣನಾಗಿ ಲುಕ್ಸಾನ. ಒಂದೇ ಮನ್ಯಾಗ ಎರಡೂ ಕೂತು ಊಟ ಮಾಡ್ತೀವಿ, ಯಾರಿಗೆ ಬೈಯೂದು.

ನಾ ದಿನಾ ನೋಡೋ ಇನ್ನೊಂದು ಮಾತು ಹೇಳ್ತೀನಿ. ನನ್ನ ನೌಕರಿ ಬೆಳೆ ಸಾಲದ ಫಾರ್ಮ್ ತುಂಬ್ಸೂದು. ಒಂದೊಂದು ಬೆಳಿಗೆ ಎಕರೆಕ್ಕ ಇಷ್ಟು ಸಾಲ ಅಂತ ಜಿಲ್ಲಾಕ್ಕ ಒಂದು ಅಳತಿ ಫಿಕ್ಸ್ ಆಗಿರ್ತದ, ಖರ್ಚು ಜಾಸ್ತಿ ಇದ್ದ ಬೆಳಿಗೆ ಸಾಲ ಜಾಸ್ತಿ. ಒಣ ಬೇಸಾಯದ ಜ್ವಾಳ ಆ ಪಟ್ಟಿಯೊಳಗ ತಳದಾಗ, ಕಬ್ಬು ದ್ರಾಕ್ಷಿ ಮ್ಯಾಲ. ಬಡ್ಡಿ ಇಲ್ಲದ ಸಾಲ ಐದು ಲಕ್ಷದ ತನಕ ಅಂತ ಪೇಪರ್‌ನ್ಯಾಗ ಬರ್ತದ, ಜ್ವಾಳ ಬರಸಿದ್ರ ಆ ಐದು ಲಕ್ಷದ ವಾಸನಿನೂ ಬಡಿಯಂಗಿಲ್ಲ. ಬೆಳಿ ಕಾಲಂ ಬಂದಾಗ ನಾ ತಲಿ ಎತ್ತಿ ಕೇಳ್ತೀನಿ, ಏನ್ ಬರೀಲಿ? ಅವ್ರೂ ನನ್ನ ಮಾರಿ ನೋಡ್ತಾರ. ಇಬ್ರಿಗೂ ಗೊತ್ತು. ಜ್ವಾಳ ಬರೀರಿ ಅಂತ ಒಬ್ರೂ ತಾವಾಗಿ ಹೇಳಿದ್ದು ನನಗ ನೆನಪಿಲ್ಲ.

ಬೆಂಬಲ ಬೆಲಿ ಜ್ವಾಳಕ್ಕೂ ಅದ, ಇಲ್ಲ ಅಂತಲ್ಲ. 2025-26ರಾಗ ಹೈಬ್ರಿಡ್‌ಗೆ 3,699, ಮಾಲ್ದಂಡಿಗೆ 3,749 ಇತ್ತು. ಬರೋಬ್ಬರಿ ಐವತ್ತು ರೂಪಾಯಿ ಫರಕು ನೋಡ್ರಿ, ಕ್ವಿಂಟಾಲಿಗೆ, ಅಂದ್ರ ಕಿಲೋಕ್ಕ ಎಂಟಾಣೆ. ನಮ್ಮ ಅವ್ವ ನಾಕು ಅಂಗಡಿ ತಿರುಗಿ ಹಲ್ಲಾಗ ಕಡದು ಹುಡುಕಿದ ಫರಕಿಗೆ ದಿಲ್ಲಿಯವ್ರು ಕಟ್ಟಿದ ಕಿಮ್ಮತ್ತು ಎಂಟಾಣೆ. ಅದೂ ಮುಂಗಾರಿ ಬೆಳಿ ಪಟ್ಟಿಯೊಳಗ ಬರ್ತದ, ನಮ್ಮದು ಹಿಂಗಾರಿ. 2018ರಾಗ ಒರಟು ಧಾನ್ಯ ಅನ್ನೂದು ಬಿಟ್ಟು ಪೌಷ್ಟಿಕ ಧಾನ್ಯ ಅಂದ್ರು, ನಮ್ಮಲ್ಲಿ ಸಿರಿಧಾನ್ಯ ಅಂದ್ವಿ, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆತು, ಬೆಂಗಳೂರಾಗ ಜ್ವಾಳದ ಕುಕೀಸ್ ಬಂದ್ವು. ನಮ್ಮ ಸಂಬಂಧಿಕ ಹುಡುಗ ಒಬ್ಬ ಒಂದು ಪ್ಯಾಕೆಟ್ ತಂದಿದ್ದ, ಅವ್ವ ಒಂದು ತಿಂದು ಚಹಾದ ಮ್ಯಾಲ ಚಹಾ ಕುಡದ್ಲು.

ರೇಟು ಏರಿದ್ರ ಮಂದಿ ತಾವೇ ಬಿತ್ತಬೇಕಲ್ಲ ಅಂತ ಕೇಳಬಹುದು, ಪುಸ್ತಕದಾಗ ಹಂಗೇ ಅದ. ಆದ್ರ ಏರಿದ ರೇಟು ಮುಟ್ಟೂದು ಯಾರಿಗೆ? ರಾಶಿ ಟೈಮಿಗೆ ಎಲ್ರೂ ಒಮ್ಮೆಲೇ ತಂದಾಗ ಮೂವತ್ತೆರಡು ಮೂವತ್ತೈದಕ್ಕ ಹೋದ ಜ್ವಾಳಾನ ದೀಪಾವಳಿ ದಾಟಿದ ಮ್ಯಾಲ ಐವತ್ತೆರಡು ಆಗಿರ್ತದ, ನಡುವ ಇಟ್ಕೊಳ್ಳಾಕ ತಾಕತ್ತು ಇದ್ದಂವಂದು ಆ ಫರಕು. ಇನ್ನ ಆಳು. ಮಾಲ್ದಂಡಿ ಕೊಯ್ಯಂಗಿಲ್ಲ, ಬೇರು ಸಮೇತ ಕೀಳ್ಬೇಕು, ಕಿತ್ತು ಸಿವುಡು ಕಟ್ಟಿ ತೆನಿ ಮುರಿಬೇಕು, ಅಂಗೈ ಬೊಬ್ಬಿ ಏಳ್ತಾವ, ಆ ಕೆಲಸಕ್ಕ ಈಗ ಕೂಲಿ ಕೊಟ್ರೂ ಮಂದಿ ಬರಂಗಿಲ್ಲ. ಎಕರೆಕ್ಕ ಐದು ಕ್ವಿಂಟಾಲ್ ಬಂದ್ರ ನಮ್ಮ ಒಣ ಭೂಮ್ಯಾಗ ಬೇಶ್ ಬಂತು ಅಂತೀವಿ. ಬೆಂಬಲ ಬೆಲಿ ಪೂರಾ ಸಿಕ್ರೂ ಹದಿನೆಂಟು ಸಾವಿರದ ಮ್ಯಾಲ ಏಳುನೂರು ಚಿಲ್ಲರ, ಕಣಿಕಿ (ಒಣಗಿದ ದಂಟಿನ ಮೇವು) ಮಾರಿದ್ದು ಬ್ಯಾರೆ, ಆ ಕಣಿಕಿಯಿಂದಲೇ ಎಷ್ಟೋ ಮಂದಿ ಇನ್ನೂ ಜ್ವಾಳ ಹಾಕಾಕತ್ತಾರ.

ಮತ್ತ ಹಕ್ಕಿ! ಇದನ್ನ ಯಾವ ಅಧಿಕಾರಿನೂ ಬರಿಯಂಗಿಲ್ಲ. ಊರ ತುಂಬ ಜ್ವಾಳ ಇದ್ದಾಗ ಹಕ್ಕಿ ಎಲ್ರ ಹೊಲದಾಗ ಹಂಚಿ ತಿಂತಿದ್ವು, ಒಬ್ಬೊಬ್ರಿಗೆ ನಾಕು ತೆನಿ ಹೋದ್ರ ಲೆಕ್ಕಕ್ಕಿಲ್ಲ. ಈಗ ಸುತ್ತ ತೊಗರಿ ಕಬ್ಬು ಇದ್ದು ನಡುವ ನಿಮ್ಮದೊಂದೇ ಎಕರೆ ಜ್ವಾಳ ಇದ್ರ ಊರಿನ ಹಕ್ಕಿ ಎಲ್ಲಾ ನಿಮ್ಮ ಮನಿಗೇ ಬೀಗರು. ಅದಕ್ಕ ಒಬ್ಬ ಬಿಟ್ರ ಬಾಜೂದವನೂ ಬಿಡ್ತಾನ, ಅವನ ನೋಡಿ ಮತ್ತೊಬ್ಬ.

2025ರ ನವೆಂಬರ್‌ನ್ಯಾಗ ಬೆಳಗಾವಿ ಜಿಲ್ಲೆ ಗುರ್ಲಾಪುರ ಕ್ರಾಸ್‌ನ್ಯಾಗ ಕಬ್ಬಿನವ್ರು ಧರಣಿ ಕೂತ್ರು, ಟನ್ನಿಗೆ 3,500 ಕೇಳಿದ್ರು, ಮುಖ್ಯಮಂತ್ರಿ ಸಭೆ ಕರದು 3,300ಕ್ಕ ತಂದು ನಿಲ್ಲಿಸಿದ್ರು. ಕೇಳಿದ್ದು ನ್ಯಾಯಾನೇ ಇತ್ತು, ಕೂತವ್ರ ಮ್ಯಾಲ ನನಗ ಹೊಟ್ಟಿಕಿಚ್ಚಿಲ್ಲ. ಆದ್ರ ಕಬ್ಬಿಗೆ ಫ್ಯಾಕ್ಟರಿ ಅದ, ಗೇಟ್ ಅದ, ಗೇಟ್ ಮುಂದ ಕೂಡಬಹುದು. ಜ್ವಾಳದವ ಯಾರ ಗೇಟ್ ಮುಂದ ಕೂಡ್ಬೇಕು? ನಮ್ಮ ಓಣಿ ಗಿರಣಿ ಮುಂದ?

ಗಿರಣಿ ಅಂದ ಮ್ಯಾಲ ನೆನಪಾತು. ನಮ್ಮ ಓಣ್ಯಾಗ ಒಬ್ಬ ಅಕ್ಕಾರು ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತಾರ, ಒಂದಕ್ಕ ಎಂಟು ರೂಪಾಯಿ. ಮೊನ್ನಿ ಲೆಕ್ಕ ಹೇಳಿದ್ರು. ಕಿಲೋಕ್ಕ ಹದಿನೈದು ರೊಟ್ಟಿ, 120 ರೂಪಾಯಿ. ಜ್ವಾಳ 52, ಬೀಸಿದ್ದು 6, ಗ್ಯಾಸು ಒಂದು ಹನ್ನೆರಡು ಹಿಡೀರಿ. ಉಳದದ್ದು ಐವತ್ತು, ಅದರಾಗ ಒಂದು ತಾಸು ಒಲಿ ಮುಂದ ಕೂತು ಬಡದದ್ದು. ಜ್ವಾಳ 70 ಆದಾಗ ರೊಟ್ಟಿ ಹತ್ತು ಮಾಡಾಕ ಹೋದ್ರ ಖಾನಾವಳಿಯವ ಚಪಾತಿ ಹಚ್ಚತೀನಿ ಅಂದನಂತ. ಅದಕ್ಕ ರೇಟು ಏರಸಲಿಲ್ಲ, ರೊಟ್ಟಿ ಸ್ವಲ್ಪ ತೆಳ್ಳಗಾತು. ಇಳದ ಮ್ಯಾಲ ದಪ್ಪ ಆತೇನ್ರಿ ಅಂತ ಕೇಳಿದೆ, ನಕ್ರು.

ಈ ವರ್ಷ ತಮ್ಮನ ತೊಗರಿ ಸೆಪ್ಟೆಂಬರ್ ಮಳ್ಯಾಗ ಒಂದು ಎಕರೆ ಪೂರ್ತಿ ಕೊಳತು ಹೋತು, ನೀರು ನಿಂತು. ಅದನ್ನ ಹರಗಿ ಅಕ್ಟೋಬರ್ ಕೊನಿಗೆ ಜ್ವಾಳ ಬಿತ್ಯಾನ, ಮನಿಗೆ ಆಗೋವಷ್ಟರೆ ಬರ್ಲಿ ಅಂತ. ತಡ ಆತು, ಆದ್ರ ತೇವ ಚಲೋ ಅದ, ಎದಿ ಮಟ್ಟ ಬಂದದ ಅಂತ ಫೋಟೋ ಕಳಸಿದ್ದ, ಅವ್ವ ಫೋನ್ ಕಸ್ಕೊಂಡು ಎರಡು ಬೆರಳಿಲೆ ದೊಡ್ಡದು ಮಾಡಿ ಮಾಡಿ ನೋಡಿದ್ಲು. ಎಳ್ಳ ಅಮಾಸಿಗೆ ಹೊಲದಾಗ ಚರಗ (ಭೂತಾಯಿಗೆ ಎಡಿ) ಚೆಲ್ಲಾಕ ಎಲ್ರೂ ಹೋಗಾವ್ರದೀವಿ. ನಿನ್ನಿ ಫೋನ್ ಮಾಡಿ ಕೇಳಿದ, ಜನವರ್ಯಾಗ ಕಾಳು ಹಾಲು ತುಂಬುವಾಗ ಒಂದು ಎಂಟು ದಿನ ಹಕ್ಕಿ ಕಾಯಾಕ ಯಾರರೆ ಸಿಗ್ತಾರೇನೋ ನೋಡಣ್ಣ, ಇಲ್ಲಿ ಒಬ್ರೂ ಇಲ್ಲ ಅಂತ. ಯಾರೂ ಸಿಗಂಗಿಲ್ಲ ಅಂತ ನನಗೂ ಗೊತ್ತು. ಒಂದನೇ ತಾರೀಖಿಗೆ ಹೊಸ ಸಿಎಲ್ ಬರ್ತಾವ, ನಾನೇ ಬರ್ತೀನಿ ಅಂದೀನಿ. ರಜಾ ಅರ್ಜ್ಯಾಗ ಕಾರಣ ಏನ್ ಬರೀಬೇಕು ಅನ್ನೂದೊಂದು ಇನ್ನೂ ತಿಳೀವಲ್ದು.