ನಾನು ಮೆಚ್ಚಿದ ವಿಡಿಯೋ ಗೇಮ್ ಚಿತ್ರಶೈಲಿಗಳು

ವಿಡಿಯೋ ಗೇಮ್‌ಗಳ ಚಿತ್ರಕಲೆಯಲ್ಲಿ ನಾನು ಬಹುವಾಗಿ ಮೆಚ್ಚುವುದರಲ್ಲಿ ಹೆಚ್ಚಿನ ಪಾಲು ಯಂತ್ರದ ಬಡತನದಿಂದಲೇ ಹುಟ್ಟಿದ್ದು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡಿಯಾಗಿ 40 ಕಿಲೋಬೈಟ್‌ಗಳಲ್ಲಿ ಅಡಗಿತ್ತು. ಹಾಗಾಗಿ ಅದರ ಆಕಾಶದ ಬಿಳಿ ಮೋಡವೂ ನೆಲದ ಹಸಿರು ಪೊದೆಯೂ ಒಂದೇ ಚಿತ್ರ. ಬದಲಾಗುವುದು ಬಣ್ಣ ಮಾತ್ರ. ಜಯನಗರದ ನಮ್ಮ ಮನೆಯ ಟಿವಿಯಲ್ಲಿ ಅದನ್ನು ಆಡುತ್ತಿದ್ದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾಣದಂತೆ ಮಾಡಿದ್ದೇ ಆ ಕಲಾವಿದರ ಹೆಚ್ಚುಗಾರಿಕೆ.

‘ಪ್ರಿನ್ಸ್ ಆಫ್ ಪರ್ಷಿಯಾ’ (1989) ಇದಕ್ಕಿಂತ ದೊಡ್ಡ ಸಾಧನೆ. ಅದನ್ನು ರೂಪಿಸಿದ ಜೋರ್ಡಾನ್ ಮೆಕ್ನರ್ ತಮ್ಮ ಸೋದರ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದು, ಒಂದೊಂದೇ ಚೌಕಟ್ಟನ್ನು ಗೆರೆಗಿಳಿಸಿದ್ದರಿಂದ, ಬೆರಳೆಣಿಕೆಯ ಬಣ್ಣಗಳ ಆ ರಾಜಕುಮಾರನಿಗೆ ಮೈಭಾರವಿತ್ತು, ಅಂಚಿನಲ್ಲಿ ಜೋತುಬಿದ್ದಾಗ ತೋಳಿನ ದಣಿವು ಕಾಣುತ್ತಿತ್ತು. ಇನ್ನೊಂದು ಪಾತ್ರವನ್ನು ಬರೆಯಲು ಮೆಮೊರಿ ಉಳಿದಿರಲಿಲ್ಲವಾಗಿ, ಅವರು ನಾಯಕನ ಚಿತ್ರವನ್ನೇ ತುಸು ಸರಿಸಿ ಅದರ ಮೇಲೆ ಹೇರಿ, ಕನ್ನಡಿಯಿಂದ ಹೊರಬರುವ ನೆರಳು ಮನುಷ್ಯನನ್ನು ಸೃಷ್ಟಿಸಿದರು. ತನ್ನ ಪ್ರತಿರೂಪದೊಡನೆ ತಾನೇ ಸೆಣಸುವ ಆ ಪ್ರಸಂಗ ಆಟದ ತಿರುಳಾಯಿತು.

ಆದರೆ ಯಂತ್ರಕ್ಕೆ ಶಕ್ತಿ ಬಂದ ಮೇಲೂ ಮಿತಿಯನ್ನು ತಾನಾಗಿಯೇ ಹಾಕಿಕೊಂಡ ಆಟ ‘ದಿ ವಿಂಡ್ ವೇಕರ್’ (2002), ಮತ್ತು ನನ್ನ ಮಟ್ಟಿಗೆ ಅದನ್ನು ಮೀರಿದ್ದು ಇನ್ನೂ ಬಂದಿಲ್ಲ. 2000ದಲ್ಲಿ ನಿಂಟೆಂಡೊ ಸಂಸ್ಥೆ ತನ್ನ ಹೊಸ ಆಟದ ಯಂತ್ರ ಗೇಮ್‌ಕ್ಯೂಬ್‌ನ ಬಲವನ್ನು ತೋರಿಸಲು, ಈ ಆಟ ಸೇರಿದ ‘ಜೆಲ್ಡಾ’ ಸರಣಿಯ ನಾಯಕನ ನೈಜ ಶೈಲಿಯ ಕತ್ತಿವರಸೆಯೊಂದನ್ನು ಪ್ರದರ್ಶಿಸಿತ್ತು. ಮರುವರ್ಷ ಅದೇ ನಾಯಕ ಕಾರ್ಟೂನಿನಂಥ ಬಾಲಕನಾಗಿ ಕಾಣಿಸಿಕೊಂಡಾಗ ಅನೇಕ ಅಭಿಮಾನಿಗಳು ಸಿಟ್ಟಿಗೆದ್ದರು. ನೆರಳು ಬೆಳಕುಗಳು ಮೆಲ್ಲಗೆ ಬೆರೆಯದೆ ಒಂದು ಗೆರೆಯಲ್ಲಿ ಕಡಿದಂತೆ ಬೇರ್ಪಡುವುದು, ಹೊಗೆ ಸುರುಳಿಸುರುಳಿಯಾಗಿ ಏಳುವುದು, ಮುಖ್ಯವಾದ ವಸ್ತು ಹತ್ತಿರವಿದ್ದರೆ ಬಾಲಕನ ದೊಡ್ಡ ಕಣ್ಣುಗಳು ಅತ್ತ ಹೊರಳುವುದು, ಇವೆಲ್ಲ ಅಂದವೂ ಹೌದು, ಆಡುವವರಿಗೆ ಸೂಚನೆಯೂ ಹೌದು. ಅದೇ ಕಾಲದ ನೈಜ ಶೈಲಿಯ ಆಟಗಳ ಮುಖಗಳು ಇಂದು ಮೇಣದ ಬೊಂಬೆಗಳಂತೆ ತೋರುತ್ತವೆ. ಈ ಹುಡುಗನ ಮುಖಕ್ಕೆ ವಯಸ್ಸಾಗಿಲ್ಲ. ‘ಓಕಾಮಿ’ (2006) ಕೂಡ ಮೊದಲು ನೈಜ ಶೈಲಿಯಲ್ಲೇ ಆರಂಭವಾಗಿ, ಪ್ಲೇಸ್ಟೇಷನ್ 2 ಯಂತ್ರಕ್ಕೆ ಅದು ಭಾರವಾದಾಗ ಜಪಾನಿನ ಮಸಿಚಿತ್ರಗಳತ್ತ ತಿರುಗಿತು. ಆಟವನ್ನು ನಿಲ್ಲಿಸಿ ತೆರೆಯ ಮೇಲೆ ಕುಂಚದಿಂದ ಬರೆಯುವ ಅದರ ವಿಶಿಷ್ಟ ಕಲ್ಪನೆ ಆ ಬದಲಾವಣೆಯ ಫಲ.

ನೈಜ ಶೈಲಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ರೆಡ್ ಡೆಡ್ ರಿಡೆಂಪ್ಶನ್ 2’ (2018) ಆಟದ ಮಂಜು ಮುಸುಕಿದ ಮುಂಜಾನೆಗಳು ಅಪೂರ್ವವಾಗಿವೆ, ಅದರ ನಿರ್ಮಾಣದಲ್ಲಿ ಅದನ್ನು ತಯಾರಿಸಿದ ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರು ಸ್ಟುಡಿಯೋದ ಕೈಯೂ ಇರುವುದು ನನಗೆ ಹೆಮ್ಮೆ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯಿಂದ ಮೊದಲ್ಗೊಂಡು ಈ ನಗರದ ಕಲಾವಿದರು ಹೊರದೇಶಗಳ ಎಷ್ಟೋ ಆಟಗಳಿಗೆ ದುಡಿದಿದ್ದಾರೆ.

ಅವರಿಂದ ನಾನು ಬಯಸುವುದು ನಮ್ಮದೇ ಆದ ಒಂದು ಶೈಲಿಯನ್ನು. ಪುಣೆಯಲ್ಲಿ ತಯಾರಾದ ‘ರಾಜಿ’ (2020) ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಚಿತ್ರಗಳನ್ನೂ ನೆರಳುಗೊಂಬೆಗಳನ್ನೂ ಆಟದೊಳಕ್ಕೆ ತಂದು ದಾರಿ ತೋರಿಸಿದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿರುವ ಕರ್ನಾಟಕದ ತೊಗಲುಗೊಂಬೆಗಳನ್ನು ನೋಡಿ: ದೀಪದ ಬೆಳಕು ತೊಗಲನ್ನು ಹಾದು ಬರುವುದರಿಂದ ಇಲ್ಲಿ ನೆರಳಿಗೂ ಬಣ್ಣವಿದೆ, ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರ ಬದಲಾಗುತ್ತದೆ. ಚಪ್ಪಟೆಯಾದ ಆಕೃತಿ, ಎಣಿಕೆಯ ಬಣ್ಣ, ಕೀಲುಗಳಲ್ಲಷ್ಟೇ ಚಲನೆ ಎಂಬ ಈ ಕಟ್ಟುಪಾಡುಗಳನ್ನು ಒಪ್ಪಿಕೊಂಡು ಬೆಂಗಳೂರಿನ ಒಂದು ಸಣ್ಣ ತಂಡ ಇಡೀ ಆಟವೊಂದನ್ನು ಕಟ್ಟಿದರೆ, ಬಿಡುಗಡೆಯ ದಿನವೇ ಕೊಳ್ಳುವವರಲ್ಲಿ ನಾನೂ ಒಬ್ಬ.