ಹಾಲ್ ಲೈಟ್ ಪೂರ್ತಿ ಆರಿಸಬೇಡಿ

ಕರ್ನಾಟಕ ಸಂಗೀತ ಕಛೇರಿಗಳಿಗೆ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಡುವವರ ದನಿ ಕೇಳುಗರಿಗೆ ಮುಟ್ಟಿದರೆ ಇದರಲ್ಲಿ ಅರ್ಧ ಮುಗಿಯಿತು. ಕೇಳುಗರು ಹಾಡುವವರಿಗೆ ಮುಟ್ಟಬೇಕಲ್ಲ, ಅದು ಇನ್ನರ್ಧ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಆಲಾಪನೆ, ನೆರವಲ್, ಕಲ್ಪನಾಸ್ವರ ಇವು ಮೊದಲೇ ಬರೆದಿಟ್ಟವಲ್ಲ, ಎಲ್ಲ ವೇದಿಕೆಯ ಮೇಲೇ ಹುಟ್ಟುತ್ತವೆ. ಎಷ್ಟು ಹೊತ್ತು ಬೆಳೆಸಬೇಕು ಅನ್ನುವುದನ್ನು ಗಾಯಕರು ಎದುರಿನ ಮುಖಗಳನ್ನು ನೋಡಿ ತೀರ್ಮಾನಿಸುತ್ತಾರೆ. ಎರಡನೇ ಸಾಲಿನಿಂದ ಒಂದು "ಆಹಾ" ಬಂದರೆ ಸಾಕು, ಅದೇ ಸ್ವರಕ್ಕೆ ಬೇರೆ ದಾರಿಯಲ್ಲಿ ಮತ್ತೆ ಬರುತ್ತಾರೆ. ಪಿಟೀಲಿನವರಿಗೂ ಹುರುಪು ಬರುತ್ತದೆ. ಹಿರಿಯ ವಿದ್ವಾಂಸರೊಬ್ಬರು ಮೈಕ್ ನೋಡುವ ಮೊದಲೇ ನನಗೆ ಹೇಳಿದ್ದರು: "ಲೈಟ್ ಹಾಕಪ್ಪಾ, ಜನ ಕಾಣಲಿ. ಕತ್ತಲಿಗೆ ಹೇಗೆ ಹಾಡೋದು?"

ವಾಲ್ಯೂಮ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಜಾಸ್ತಿ ಸೌಂಡ್ ಕೊಟ್ಟರೆ ಜನ ಹಿಂದಕ್ಕೆ ಒರಗಿ ಕೂರುತ್ತಾರೆ. ಸ್ವಲ್ಪ ತಗ್ಗಿಸಿದರೆ ಮುಂದಕ್ಕೆ ಬಾಗಿ ಕೇಳುತ್ತಾರೆ. ಆಗ ತೊಡೆ ಮೇಲೆ ತಾಳ ಹಾಕುವ ಸದ್ದೂ ಮೆಲ್ಲನೆಯ "ಭಲೇ" ಕೂಡ ವೇದಿಕೆಗೆ ಕೇಳುತ್ತದೆ. ಮಾನಿಟರ್, ಅಂದರೆ ಹಾಡುವವರ ಕಡೆಗೆ ತಿರುಗಿಸಿ ಇಡುವ ಸ್ಪೀಕರ್ ಕೂಡ ಅಷ್ಟೇ. ಅದನ್ನು ಏರಿಸುತ್ತಾ ಹೋದರೆ ಗಾಯಕರು ತಮ್ಮ ದನಿಯೊಳಗೇ ಸಿಕ್ಕಿಕೊಳ್ಳುತ್ತಾರೆ. ಶ್ರುತಿ ಮತ್ತು ಮೃದಂಗ ಸ್ಪಷ್ಟವಾಗಿ ಕೇಳುವಷ್ಟು ಕೊಟ್ಟು ಅಲ್ಲಿಗೇ ನಿಲ್ಲಿಸುತ್ತೇನೆ.

ದೊಡ್ಡ ಪೆಂಡಾಲ್‌ನಲ್ಲಿ ಬೇರೆಯದೇ ತೊಂದರೆ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ರಾಮನವಮಿ ಕಛೇರಿಗಳನ್ನೇ ನೋಡಿ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಉತ್ಸವ ಅದು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 50 ಮೀಟರ್ ಹಿಂದೆ ಕೂತವರಿಗೆ ಹಾಡು ಸೆಕೆಂಡಿನ ಏಳನೇ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಹಿಂದೆ ಇಟ್ಟ ಸ್ಪೀಕರ್‌ಗಳಿಗೆ ತಂತಿಯಲ್ಲಿ ದನಿ ತಕ್ಷಣ ಬಂದುಬಿಡುತ್ತದೆ; ಅವಕ್ಕೂ ಅಷ್ಟೇ ತಡ ಕೊಡದಿದ್ದರೆ ಅಲ್ಲಿನವರಿಗೆ ಒಂದೇ ಸ್ವರ ಎರಡು ಸಲ ಕೇಳುತ್ತದೆ. ಸಾಹಿತ್ಯ ತಿಳಿಯದೆ ಬೇಸರಪಟ್ಟು ಮಾತಿಗೆ ಇಳಿಯುತ್ತಾರೆ. ಆ ಗುಜುಗುಜು ವೇದಿಕೆಗೆ ಹೋಗಿ ಗಾಯಕರ ಮನಸ್ಸನ್ನು ಕೆಡಿಸುತ್ತದೆ. ಹಾಗಾಗಿ ಸೌಂಡ್ ಚೆಕ್ ಮಾಡುವಾಗ ಕೊನೆಯ ಸಾಲಿಗೂ ಹೋಗಿ ಕೂತು ಕೇಳುತ್ತೇನೆ.

ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದರೆ ಕಾಫಿಗೆ ಎದ್ದು ಹೋಗುವವರು ಈಗಲೂ ಇದ್ದಾರೆ. ಮೃದಂಗದವರ ಮುಖ ಆಗ ಬಾಡುವುದನ್ನು ನೋಡಿದರೆ ನನಗೆ ತುಂಬಾ ನೋವಾಗುತ್ತದೆ. ಆದರೆ ಕೂತವರೆಲ್ಲ ತಾಳ ಹಾಕುತ್ತಿದ್ದು, ಮೂರು ಸಲ ಬರುವ ಕೊನೆಯ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯದ ನುಡಿ) ಸರಿಯಾಗಿ ಎಡುಪಿಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ ಬಂದು ಬಿದ್ದಾಗ, ಯಾರೂ ಹೇಳದೆ ಎಲ್ಲರೂ ಒಟ್ಟಿಗೇ ಚಪ್ಪಾಳೆ ತಟ್ಟುತ್ತಾರಲ್ಲ, ಅದಕ್ಕಾಗಿಯೇ ನಾನು ಈ ಕೆಲಸದಲ್ಲಿ ಇದ್ದೇನೆ.

ವಿಡಿಯೊ ಚೆನ್ನಾಗಿ ಬರಲಿ ಅಂತ ಈಗ ಸಂಘಟಕರು ಹಾಲ್ ಕತ್ತಲಾಗಿರಲಿ ಅನ್ನುತ್ತಾರೆ. ಮುಂದಿನ ಐದಾರು ಸಾಲಿಗಾದರೂ ಬೆಳಕು ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಬಹಳ ಜನ ಒಪ್ಪುತ್ತಾರೆ. ಕಿವಿಗೆ ಇಯರ್‌ಪೀಸ್ ಹಾಕಿಕೊಂಡು ನುಡಿಸುವ ಫ್ಯೂಷನ್ ತಂಡ ಬಂದರೆ, ಅವರಿಗೆ ಸಭೆಯ ಸದ್ದು ಸರಿಯಾಗಿ ಕೇಳುವುದಿಲ್ಲ; ಹಾಗಾಗಿ ವೇದಿಕೆಯ ಎರಡೂ ತುದಿಯಲ್ಲಿ ಸಭಿಕರ ಕಡೆಗೆ ಒಂದೊಂದು ಮೈಕ್ ಇಟ್ಟು ಅದನ್ನೂ ಅವರ ಕಿವಿಗೆ ಕಳಿಸುತ್ತೇನೆ.