ಆಗುಂಬೆ ಘಾಟಿ ಇಳಿದು ವರಂಗದ ಕೆರೆಗೆ

ತೀರ್ಥಹಳ್ಳಿಯಿಂದ ಮಲ್ಪೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 169ಎ ಹಿಡಿದವರು ಆಗುಂಬೆಯ ಸೂರ್ಯಾಸ್ತವನ್ನೇ ಲೆಕ್ಕಕ್ಕಿಟ್ಟುಕೊಂಡು ಹೊರಡುತ್ತಾರೆ. ದಿನ ಕೆಡುವುದೇ ಅಲ್ಲಿಂದ. ಮಳೆಗಾಲವಿಡೀ ಅಲ್ಲಿ ಸೂರ್ಯ ಕಾಣುವುದು ಅಪರೂಪ, ಚಳಿಗಾಲದಲ್ಲಿ ಕಂಡರೂ ಕಟ್ಟೆಯ ತುಂಬ ಜನ. ಆಮೇಲೆ ಘಾಟಿಯನ್ನು ಕತ್ತಲಲ್ಲಿ ಇಳಿಯಬೇಕು. ಕೆಳಗಿನ ವರಂಗದ ಕೆರೆ ಬಸದಿಯಂತೂ ತಪ್ಪಿಯೇ ಹೋಗುತ್ತದೆ. ಹಾಗಾಗಿ ತೀರ್ಥಹಳ್ಳಿಯಲ್ಲಿ ಟ್ಯಾಂಕ್ ತುಂಬಿಸಿ ಬೆಳಕು ಹರಿಯುವಾಗಲೇ ಹೊರಡುವುದು ಮೇಲು.

ಗುಡ್ಡೇಕೇರಿಯಲ್ಲಿ ತಿರುಗಿದರೆ ಕುಂದಾದ್ರಿ. ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಬಂಡೆಯ ಕೊಳ. ಮೇಲಿನವರೆಗೂ ಗಾಡಿ ಹೋಗುತ್ತದೆ, ಆದರೆ ರಸ್ತೆ ಕಡಿದು, ಕಿರಿದು. ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು. ಬೆಳಿಗ್ಗೆಯೇ ಹತ್ತಿ ಇಳಿದುಬಿಟ್ಟರೆ ಆ ಪಂಚಾಯ್ತಿ ಇಲ್ಲ.

ಆಗುಂಬೆಯಲ್ಲಿ ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರವಿದೆ. ಅಲ್ಲಿ ಕಾಳಿಂಗ ಸರ್ಪದ ಅಧ್ಯಯನ ನಡೆಯುತ್ತದೆ. ಹಾವು ತೋರಿಸುವ ಜಾಗವೆಂದು ಗೇಟು ತಟ್ಟಬೇಡಿ. ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಂಬಳ ಹತ್ತಿದರೆ ಕಿತ್ತೆಳೆಯಬಾರದು, ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ.

ಇನ್ನು ಘಾಟಿ. ಸೋಮೇಶ್ವರದವರೆಗೆ ಹತ್ತು ಹನ್ನೆರಡು ಕಿಲೋಮೀಟರ್, ಅದರೊಳಗೆ 14 ಸುತ್ತು. ದೊಡ್ಡ ಗಾಡಿಗಳನ್ನು ಬಿಡುವುದಿಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ಜೋರು ಮಳೆಯಲ್ಲಿ ಮಣ್ಣು ಕುಸಿದು ದಾರಿಯೇ ಮುಚ್ಚುವುದುಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಬಯಲುಸೀಮೆಯಿಂದ ಬಂದವರು ಇಲ್ಲಿ ಮಾಡುವ ತಪ್ಪು ಒಂದೇ: ಗಾಡಿಯನ್ನು ಮೂರನೇ ಗೇರಿನಲ್ಲಿ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವುದು. ನಾಲ್ಕೈದು ಸುತ್ತು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಪ್ಯಾಡು ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಕುದಿದರಂತೂ ಪೆಡಲು ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಸುತ್ತು ಬರುವ ಮೊದಲೇ ಒಂದನೇ ಇಲ್ಲವೇ ಎರಡನೇ ಗೇರಿಗೆ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಆಟೋಮ್ಯಾಟಿಕ್ ಆದರೆ ‘ಎಲ್’ (ಕೆಳಗಿನ ಗೇರು) ಅಥವಾ ಮ್ಯಾನುಯಲ್ ಮೋಡಿಗೆ ಹಾಕಿ. ವಾಸನೆ ಬಂದೇಬಿಟ್ಟರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಆರಲು ಬಿಡಿ. ನೀರು ಸುರಿದೀರಿ ಜೋಕೆ, ಕಾದ ಡಿಸ್ಕು ಸೊಟ್ಟಗಾಗುತ್ತದೆ. ಹತ್ತುವ ಗಾಡಿಗೇ ಮೊದಲ ದಾರಿ. ಹಾಗೆ ನಿಂತಾಗ ಮಂಗಗಳಿಗೆ ಬಿಸ್ಕತ್ತು ಎಸೆಯುವವರಿಂದಲೇ ಅವು ರಸ್ತೆಗೆ ಅಂಟಿಕೊಂಡಿರುವುದು. ಒಳಗಾಡಿನ ಸಿಂಗಳೀಕ ಹೀಗೆ ಕೈಯೊಡ್ಡಿ ಬರುವ ಪ್ರಾಣಿಯಲ್ಲ.

ಹೆಬ್ರಿಯಲ್ಲಿ ಹೆದ್ದಾರಿ ಉಡುಪಿಯತ್ತ ಸಾಗುತ್ತದೆ. ಅದನ್ನು ಬಿಟ್ಟು ಕಾರ್ಕಳದ ರಸ್ತೆ ಹಿಡಿದರೆ ಮುದ್ರಾಡಿ ದಾಟಿ ವರಂಗ. ಈ ದಾರಿಯಲ್ಲಿ ಒಂದೇ ಕಡೆ ನಿಲ್ಲಲು ಹೊತ್ತಿದ್ದರೆ ಇಲ್ಲೇ ನಿಲ್ಲಬೇಕು. ಕೆರೆಯ ನಡುವೆ ಪುಟ್ಟ ಬಸದಿ, ಅಲ್ಲಿಗೆ ಸೇತುವೆಯಿಲ್ಲ, ದೋಣಿಯೇ ಗತಿ. ಅಂಬಿಗ ಹುಟ್ಟು ಹಾಕುವ ಸದ್ದು ಬಿಟ್ಟರೆ ಏನೂ ಕೇಳಿಸದು. ಒಳಗೆ ನಾಲ್ಕು ದಿಕ್ಕಿಗೆ ನಾಲ್ವರು ತೀರ್ಥಂಕರರು: ಪಾರ್ಶ್ವನಾಥ, ನೇಮಿನಾಥ, ಶಾಂತಿನಾಥ, ಅನಂತನಾಥ. ಹರಕೆ ಹೊತ್ತವರು ಬರುವುದು ಮಾತ್ರ ಪದ್ಮಾವತಿ ಅಮ್ಮನ ಬಳಿಗೆ. ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ನಿಧಾನಕ್ಕೆ ಒಂದೊಂದೇ ಮೂರ್ತಿ. ಕಂಡಕೂಡಲೇ ತಿರುಗಿ ದೋಣಿ ಹತ್ತಬೇಡಿ, ಒಂದು ಸುತ್ತು ಬಂದು ನಾಲ್ಕೂ ಮುಖ ನೋಡಿ. ಜನ ಸೇರಿದ್ದರೆ ದೋಣಿಗೆ ಕಾಯಬೇಕಾದೀತು, ದಡದಲ್ಲಿರುವ ನೇಮಿನಾಥ ಬಸದಿಯನ್ನು ಆಗಲೇ ನೋಡಿ ಮುಗಿಸಬಹುದು.

ಬೆಳಕು ಉಳಿದಿದ್ದರೆ ಕಾರ್ಕಳ. ಎಲ್ಲರೂ 1432ರ 42 ಅಡಿ ಬಾಹುಬಲಿಯ ಕಡೆ ಓಡುತ್ತಾರೆ. ವರಂಗ ನೋಡಿ ಬಂದವರು ಮೊದಲು ಎದುರಿನ ಚತುರ್ಮುಖ ಬಸದಿಗೆ ಹೋಗಬೇಕು. 1586ರದ್ದು, ಕಂಬಗಳು 108. ಕೆರೆಯಲ್ಲಿ ಕಂಡ ಅದೇ ನಾಲ್ಕು ಮುಖದ ರಚನೆ ಇಲ್ಲಿ ಬಂಡೆಯ ಮೇಲೆ ದೊಡ್ಡದಾಗಿ ನಿಂತಿದೆ, ಯಾವ ಬಾಗಿಲಿಂದ ಹೊಕ್ಕರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ.